ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿದ್ಯಾರ್ಥಿಗಳಿಗೂ ಮಾತಾಡಲು ಬಿಡಿ

ಮಾನ್ಯರೇ,

ಶಹಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ವಿದ್ಯಾರ್ಥಿಗಳ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಸಾಮಾಜಿಕ ಜಾಲತಾಣಗಳಿಂದ ಮಕ್ಕಳು ಕೆಟ್ಟರು ಎಂಬ ಭಾಷಣ ಕೇಳಿದಾಗಲೆಲ್ಲ ವಿದ್ಯಾರ್ಥಿವೇತನದ ಕೊನೆಯ ದಿನ ನನ್ನ ಅಂಗಡಿಯಿಂದ ರಸ್ತೆಯವರೆಗೆ ನಿಲ್ಲುವ ಸಾಲು ನೆನಪಾಗುತ್ತದೆ. ಸರ್ವರ್ ಕೈಕೊಡುವುದೂ ಅಂದೇ. ನಿಂತವರಲ್ಲಿ ಹೆಚ್ಚಿನವರು ತಾಂಡಾ, ದೊಡ್ಡಿಗಳಿಂದ ಬಂದವರು. ಕೊನೆಯ ದಿನಾಂಕ ಅವರಿಗೆ ಗೊತ್ತಾಗಿದ್ದೇ ಆ ಬೆಳಿಗ್ಗೆ.

ಕಳೆದ ವರ್ಷ ಪಿಯುಸಿ ಓದುವ ಹುಡುಗಿಯೊಬ್ಬಳು ಪ್ರಿಂಟ್ ತೆಗೆಸಲು ಬಂದಿದ್ದಳು. ಅವಳ ಮೊಬೈಲಿನ ಗಾಜು ಒಡೆದು, ಮೇಲೆ ಸೆಲ್ಲೊಟೇಪ್ ಅಂಟಿಸಿತ್ತು. ಅದರಲ್ಲಿ ಯೂಟ್ಯೂಬ್ ಪಾಠವನ್ನು ಅಲ್ಲಲ್ಲಿ ನಿಲ್ಲಿಸಿ ತೆಗೆದ ಹನ್ನೊಂದು ಸ್ಕ್ರೀನ್‌ಶಾಟ್‌ಗಳು. ಎಲ್ಲವೂ ಮೂತ್ರಪಿಂಡದ ನೆಫ್ರಾನ್ ಚಿತ್ರಗಳೇ. ‘ಕ್ಲಾಸಿನಲ್ಲಿ ಬೇಗ ಬೇಗ ಹೇಳಿಬಿಡುತ್ತಾರೆ ಕಾಕಾ, ಇದನ್ನು ನಿಧಾನ ಮಾಡಿಕೊಂಡು ಮೂರು ಸಲ ಕೇಳಬಹುದು’ ಎಂದಳು. ಮಾಸ್ತರನ್ನು ಎರಡನೆಯ ಸಲ ಕೇಳುವುದಕ್ಕೇ ನಮಗೆ ಎದೆ ಡವಗುಟ್ಟುತ್ತಿತ್ತು! ಹನ್ನೊಂದು ಚಿತ್ರಗಳನ್ನೂ ಎರಡು ಹಾಳೆಗೆ ಹೊಂದಿಸಿಕೊಟ್ಟೆ. ಅವಳ ಹತ್ತಿರ ಇದ್ದದ್ದು ಎರಡು ಹಾಳೆಯ ದುಡ್ಡು.

ಪಾಠ ಹಾಗಿರಲಿ. ಕಲ್ಯಾಣ ಕರ್ನಾಟಕದ ಮಕ್ಕಳು ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕಿರುವ ಮೀಸಲಾತಿ ಪಡೆಯಲು ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಒಂದು ತಪ್ಪಿದರೂ ಹಣ ಬರುವುದಿಲ್ಲ. ಹಿಂದಿನ ವರ್ಷ ಇದನ್ನೆಲ್ಲ ಮಾಡಿ ಮುಗಿಸಿದ ಹಿರಿಯ ವಿದ್ಯಾರ್ಥಿ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷ ಮಾತಾಡಿ ಕಳಿಸಿದರೆ ಸಾಕು, ಕಚೇರಿಗೆ ಅಲೆಯುವುದು ತಪ್ಪಿ ತಂದೆಯ ಎರಡು ದಿನದ ಕೂಲಿ ಉಳಿಯುತ್ತದೆ. ನನ್ನ ವ್ಯಾಪಾರಕ್ಕೆ ಪೆಟ್ಟು, ಇರಲಿ.

ಆದರೆ ನಾನು ನೋಡಿದ ಕಾಲೇಜು ಗುಂಪುಗಳಲ್ಲಿ ಅಡ್ಮಿನ್ ಬಿಟ್ಟು ಬೇರೆಯವರು ಬರೆಯುವಂತಿಲ್ಲ. ಸುತ್ತೋಲೆ ಬರುತ್ತದೆ, ಅದೂ ಓರೆಯಾಗಿ ತೆಗೆದ ಫೋಟೊ, ದಿನಾಂಕದ ಮೇಲೆ ಬೆರಳಿನ ನೆರಳು. ‘ಗುಡ್ ಮಾರ್ನಿಂಗ್’ ಚಿತ್ರಗಳ ಕಾಟ ತಾಳದೆ ಹೀಗೆ ಮಾಡಿದ್ದೇವೆ ಎಂದು ಉಪನ್ಯಾಸಕರೊಬ್ಬರು ಹೇಳಿದರು. ಕಾಟ ನಿಜ. ರಾತ್ರಿಯೆಲ್ಲ ರೀಲ್ಸ್ ನೋಡುವ ಹುಡುಗರೂ ಇದ್ದಾರೆ, ನನ್ನ ಮನೆಯಲ್ಲೇ ಒಬ್ಬನಿದ್ದಾನೆ. ಆದರೂ ಸಂಜೆ ಒಂದು ತಾಸು ಗುಂಪನ್ನು ಪ್ರಶ್ನೆಗಳಿಗೆ ತೆರೆದಿಡಬಾರದೇ? ಕೊನೆಯ ದಿನಾಂಕವನ್ನೂ ಸರ್ಕಾರಿ ಜಾಲತಾಣದ ವಿಳಾಸವನ್ನೂ ಟೈಪ್ ಮಾಡಿಯೇ ಹಾಕಲಿ. ಸರಿಯಾದ ವಿಳಾಸ ಸಿಗದ ಮಕ್ಕಳು ‘ಉಚಿತ ಲ್ಯಾಪ್‌ಟಾಪ್’ ಎಂಬ ನಕಲಿ ಲಿಂಕ್ ಒತ್ತಿ ಆಧಾರ್ ಸಂಖ್ಯೆ ಕೊಟ್ಟು ಬರುತ್ತಾರೆ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದು ನನ್ನ ಅಂಗಡಿಗೆ ಬರುವ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಅದನ್ನೂ ಅಲ್ಲೇ ಹಾಕಬಹುದು.

ಮೊಬೈಲೇ ಇಲ್ಲದವರಿಗಾಗಿ ಅದೇ ಸೂಚನೆಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗೋಡೆಗೂ ಅಂಟಿಸಲಿ. ನಮ್ಮ ತಾಲ್ಲೂಕಿನ ಮಟ್ಟಿಗೆ ಪ್ರಿಂಟ್ ತೆಗೆದುಕೊಡುವ ಕೆಲಸ ನನಗಿರಲಿ, ದುಡ್ಡು ಬೇಡ.

— ಜೆರಾಕ್ಸ್ ಅಂಗಡಿಯ ಓದುಗ, ಶಹಾಪುರ, ಯಾದಗಿರಿ ಜಿಲ್ಲೆ