ಹೆಬ್ಬಾಳದ ಆ ಅಣ್ಣನಿಗೆ

ಬೆನ್ನುಮೂಳೆಯ ಡಿಸ್ಕ್ ಜಾರಿ ನಮ್ಮ ಡ್ಯಾಶ್‌ಹುಂಡ್ ನಾಯಿ ಚಿನ್ನಿಯ ಹಿಂಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಡಾಕ್ಟರು 6 ವಾರ ಕ್ರೇಟ್‌ನಲ್ಲೇ, ಅಂದರೆ ನಾಯಿಯ ಪಂಜರದಲ್ಲೇ, ಇಡಿ ಅಂದರು. ಹೊರಗೆ ಬಂದು ಅವಳ ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ.

"ಹಂಗೆ ಎತ್ತಬೇಡಿ ಅಮ್ಮಾ, ಬೆನ್ನು ಜೋತುಬೀಳುತ್ತೆ," ಅಂತ ಅಲ್ಲಿನ ಸಹಾಯಕರೊಬ್ಬರು ಊಟ ಬಿಟ್ಟು ಓಡಿ ಬಂದರು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ, ಬೆನ್ನು ಹಲಗೆಯ ಹಾಗೆ ನೇರ. ನನ್ನ ಕೈಲೇ ಮೂರು ಸಲ ಮಾಡಿಸಿದರು. ಆಮೇಲೆ ಹಳೇ ಟವೆಲ್ಲೊಂದನ್ನು ಅವಳ ಹೊಟ್ಟೆಯಡಿ ಜೋಳಿಗೆ ಹಾಗೆ ಹಿಡಿದು, ಮೂತ್ರಕ್ಕೆ ಹೇಗೆ ನಿಲ್ಲಿಸಬೇಕು ಅಂತ ತೋರಿಸಿದರು. ನನ್ನ ಕೈ ನಡುಗುವುದು ಆಗಲೇ ನಿಂತಿದ್ದು.

ಹೆಸರು ಕೇಳಲು ಮರೆತೆ. ಅಣ್ಣಾ, ನಿನ್ನೆ ಚಿನ್ನಿ ನಾಲ್ಕು ಹೆಜ್ಜೆ ಇಟ್ಟಳು. ನೀವು ಕೊಟ್ಟ ಟವೆಲ್ ನನ್ನ ಕೈಯಲ್ಲೇ ಇತ್ತು, ಸಡಿಲವಾಗಿ.