ಗೆಳೆಯನಿಗೊಂದು ಪತ್ರ: ಪಾಳು ತೋಟದ ಮುಂದೆ ನಿಂತು

ಗೆಳೆಯಾ,

ಪ್ಯಾರಿಸ್‌ನಿಂದ ಬರೆಯುತ್ತಿದ್ದೇನೆ. ಗೋಪುರದ ಮುಂದೆ ನಿಂತ ಚಿತ್ರ ಕಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ತಪ್ಪಿಲ್ಲ. ಹಳದಿ ಛತ್ರಿ ಕ್ಷೇಮ. ಆಡಿಟರ್ ಕೇಳಿದರೆ ಲೆಕ್ಕ ಸರಿಯಾಗಿದೆ ಅನ್ನು.

ಲಕೋಟೆಯಲ್ಲಿ ಹಾಕಿ ಅಂಟಿಸದೆ ಹೀಗೆ ಎಲ್ಲರೆದುರು ಬರೆಯುವುದಕ್ಕೆ ಕಾರಣ ಇದೆ. ಮೊನ್ನೆ ನೋಡಿದ್ದನ್ನು ನಾಲ್ಕು ಜನರಿಗೆ ಹೇಳಬೇಕು ಅನ್ನಿಸಿತು. ಆದರೆ ಹೇಳುವ ದನಿ ನಿನ್ನ ಜೊತೆ ಮಾತಾಡುವಾಗಿನದೇ ಆಗಬೇಕು. ಬೇರೆ ದನಿಯಲ್ಲಿ ಬರೆದರೆ ನನಗೇ ನಾನು ಅಪರಿಚಿತ.

ಇಲ್ಲಿನ ಒಂದು ಮ್ಯೂಸಿಯಂಗೆ ಹೋಗಿದ್ದೆ. ದೊರೆಗಳ, ದೊಡ್ಡ ಮನೆತನಗಳ ತೋಟಗಳು ಹಳೆಯ ಫೋಟೊಗಳಲ್ಲಿ ಹೇಗಿದ್ದವು ಅನ್ನುವುದೇ ಪ್ರದರ್ಶನದ ವಸ್ತು. ಮೊದಲ ಕೋಣೆಯಲ್ಲಿ 1840, 50ರ ದಶಕದವು. ಕ್ಯಾಮೆರಾ ಕಣ್ಣು ಬಿಟ್ಟ ಹೊಸತು ನೋಡು, ಆಗ ಅದನ್ನು ಹಿಡಿದವರಲ್ಲಿ ತೋಟದ ಯಜಮಾನರೇ ಇದ್ದರು. ಬಿಡುವಿತ್ತು, ಹಣವಿತ್ತು, ರಸಾಯನಶಾಸ್ತ್ರದ ಹುಚ್ಚಿತ್ತು. ಫೋಟೊ ವಿದ್ಯೆಯನ್ನು ಮೊದಲು ಕಂಡುಹಿಡಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ ಲೇಕಾಕ್ ಅಬ್ಬಿ ಎಂಬ ತನ್ನ ಮನೆಯ ಅಂಗಳವನ್ನೇ ಕಾಗದದ ನೆಗೆಟಿವ್‌ಗೆ ಇಳಿಸಿದ. ವೇಲ್ಸ್‌ನ ಜಾನ್ ಡಿಲ್ವಿನ್ ಲೆವೆಲಿನ್‌ನ ಹೆಂಡತಿ ಟಾಲ್ಬಟ್‌ನ ಸೋದರ ಸಂಬಂಧಿ. 1839ರಲ್ಲಿ ಈ ಹೊಸ ವಿದ್ಯೆಯ ಸುದ್ದಿ ಹೊರಬಿದ್ದದ್ದೇ ತಡ, ಅವನೂ ಪೆನ್‌ಲರ್ಗೇರ್ ಎಂಬ ತನ್ನ ಕಣಿವೆಯ ತೋಟದಲ್ಲಿ ಪ್ರಯೋಗಕ್ಕಿಳಿದ. ಆ ತೋಟದಲ್ಲಿ ಜಲಪಾತ ಇತ್ತು, ಕೆರೆ ಇತ್ತು, ಆರ್ಕಿಡ್ ಬೆಳೆಸಲೆಂದೇ ಕಟ್ಟಿದ ಗಾಜಿನ ಮನೆಯೂ ಇತ್ತು.

ಆ ಕಾಲದ ಕ್ಯಾಮೆರಾಗೆ ಚಿತ್ರ ಹಿಡಿಯಲು ಎಷ್ಟೋ ಸಲ ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟರಲ್ಲಿ ಗಾಳಿ ಬೀಸಿದರೆ ಕೊಂಬೆ ಕಲಸಿಹೋಗುತ್ತದೆ, ಧುಮುಕುವ ನೀರು ಹಿಂಜಿದ ಅರಳೆಯಾಗುತ್ತದೆ. ಮನುಷ್ಯರ ಗತಿಯೂ ಅದೇ. ಕುಂಟೆ ಊರಿ ಕದಲದೆ ನಿಂತ ಮಾಲಿ ಚಿತ್ರದಲ್ಲಿ ಉಳಿಯುತ್ತಾನೆ. ತನ್ನ ಪಾಡಿಗೆ ಗುಡಿಸುತ್ತಾ ಹೋದವನು ಬೂದು ಮಬ್ಬಾಗುತ್ತಾನೆ, ಇಲ್ಲವೇ ಪೂರ್ತಿ ಮಾಯ. ಒಂದು ಚಿತ್ರದ ಹಾದಿಯ ಅಂಚಿನಲ್ಲಿ ಅಂಥ ಒಂದು ಮಬ್ಬು ಇತ್ತು. ಹೊಗೆಯೋ ಅಂದುಕೊಂಡೆ. ಬಗ್ಗಿ ನೋಡಿದರೆ ಕೆಳಗೆ ಎರಡು ಬೂಟು. ಕಾಲು ಊರಿದ್ದಕ್ಕೆ ಬೂಟು ಉಳಿದಿದೆ, ಬಗ್ಗಿ ಏಳುತ್ತಿದ್ದ ಮೈ ಉಳಿದಿಲ್ಲ. ಇದನ್ನು ನೆನಪಿಟ್ಟುಕೋ, ಮತ್ತೆ ಇಲ್ಲಿಗೇ ಬರುತ್ತೇನೆ.

ಕೊನೆಯ ಕೋಣೆ ಫ್ರಾನ್ಸಿನ ಫೋಟೊಗ್ರಾಫರ್ ಯೂಜೆನ್ ಅಟ್ಜೆಯದು. ಇತರರಂತೆ ಅವನು ಯಜಮಾನನಲ್ಲ. ಮೊದಲು ನಾಟಕ ಕಂಪನಿಗಳಲ್ಲಿ ನಟ, ಆಮೇಲೆ ಕಲಾವಿದರಿಗೆ ಮಾದರಿಗೆಂದು ಚಿತ್ರ ಮಾರಿ ಬದುಕಿದವನು. 18×24 ಸೆಂ.ಮೀ. ಗಾಜಿನ ಫಲಕಗಳನ್ನೂ ಮರದ ಕ್ಯಾಮೆರಾವನ್ನೂ ಹೊತ್ತು ಪ್ಯಾರಿಸ್ ಬಳಿಯ ವರ್ಸೇಲ್ಸ್, ಸೇಂ ಕ್ಲೂ ಅರಮನೆಗಳ ತೋಟಗಳನ್ನು ವರ್ಷಗಟ್ಟಲೆ ಸುತ್ತಿದ. ಸೇಂ ಕ್ಲೂನಲ್ಲಿ ಅವನು ಕಾಲಿಡುವ ಹೊತ್ತಿಗೆ ಅರಮನೆಯೇ ಇರಲಿಲ್ಲ. 1870ರ ಯುದ್ಧದಲ್ಲಿ ಸುಟ್ಟು, 1891ರಲ್ಲಿ ಗೋಡೆಗಳನ್ನೂ ಕೆಡವಿ ಆಗಿತ್ತು. ಮೆಟ್ಟಿಲು, ಕೊಳ, ಸಾಲುಮರ ಮಾತ್ರ ಇಲ್ಲದ ಮನೆಯ ಕಡೆ ಮುಖಮಾಡಿ ಕಾಯುತ್ತಿದ್ದವು.

ನಾನು ಕಾಲು ಕಿತ್ತಿಡಲಾರದೆ ನಿಂತದ್ದು ಸೋ ಉದ್ಯಾನದ ಚಿತ್ರಗಳ ಮುಂದೆ. ಪ್ಯಾರಿಸ್‌ನ ದಕ್ಷಿಣಕ್ಕೆ, ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೆರ್‌ಗಾಗಿ ಲ ನೋತ್ರ್ ರೂಪಿಸಿದ ತೋಟ ಅದು. ವರ್ಸೇಲ್ಸ್ ಮಾಡಿದ ಅದೇ ಕೈ. ಕ್ರಾಂತಿಯಲ್ಲಿ ಕೈಬದಲಾಗಿ, ಹಳೆಯ ಅರಮನೆ ಉರುಳಿ, ಹತ್ತೊಂಬತ್ತನೇ ಶತಮಾನದಲ್ಲಿ ಒಮ್ಮೆ ಚೇತರಿಸಿಕೊಂಡು, ಮತ್ತೆ ಯಾರೂ ದಿಕ್ಕಿಲ್ಲದೆ ಬಿದ್ದಿತ್ತು. 1923ರಲ್ಲಿ ಅಲ್ಲಿನ ಜಿಲ್ಲಾಡಳಿತ ಕೊಂಡುಕೊಂಡಿತು. ಇನ್ನು ದುರಸ್ತಿ ಶುರುವಾಗುತ್ತದೆ ಅನ್ನುವಾಗ, 1925ರ ಮಾರ್ಚ್‌ನಿಂದ ಜೂನ್‌ವರೆಗೆ ಅಟ್ಜೆ ಅಲ್ಲಿಗೆ ಮತ್ತೆ ಮತ್ತೆ ಹೋದ. ವಯಸ್ಸು ಆಗ 68. ಎಷ್ಟೋ ಚಿತ್ರಗಳಿಗೆ ತಿಂಗಳು, ಗಂಟೆ ಎರಡನ್ನೂ ಬರೆದಿಟ್ಟಿದ್ದಾನೆ: ಮಾರ್ಚ್, ಬೆಳಿಗ್ಗೆ 7 ಗಂಟೆ. ಮಾರ್ಚ್, ಬೆಳಿಗ್ಗೆ 8 ಗಂಟೆ.

ಆ ಬೆಳಕನ್ನು ಹೇಗೆ ಹೇಳಲಿ? ಮಂಜಿನಲ್ಲಿ ಅದ್ದಿ ತೆಗೆದ ಹಾಗಿದೆ. ಬಳ್ಳಿ ಏರಿ ಸೊಂಟದವರೆಗೆ ಮುಳುಗಿದ ಶಿಲಾಪ್ರತಿಮೆ. ಮಧ್ಯದಲ್ಲಿ ಬಿರುಕು ಬಿಟ್ಟು ಹುಲ್ಲು ಎದ್ದ ಮೆಟ್ಟಿಲು. ಪಾಚಿಗಟ್ಟಿದ ಕೊಳದಲ್ಲಿ ತಲೆಕೆಳಗಾಗಿ ನಿಂತ ಮರ. ಮೇಲಿನ ಎರಡು ಮೂಲೆಗಳು ಅಲ್ಲಲ್ಲಿ ಕಪ್ಪಗೆ ದುಂಡಗಾಗಿವೆ. ಲೆನ್ಸ್‌ನ ಬೆಳಕು ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಹಳೆಯ ಕಮಾನಿನಡಿ ನಿಂತು ನೋಡಿದಂತೆ ಅನ್ನಿಸುತ್ತದೆ. ಮುಕ್ಕಾಲು ಗಂಟೆ ನಿಂತೆ ಕಣೋ. ಕಾವಲಿನವರು ಎರಡು ಸಲ ಹತ್ತಿರ ಬಂದು ಹೋದರು. ಎದೆ ತುಂಬಿ ಬಂದಿತ್ತು, ಅದರಲ್ಲಿ ಒಂದಿಷ್ಟೂ ನಟನೆ ಇರಲಿಲ್ಲ.

ಮರುದಿನ ಬೆಳಿಗ್ಗೆ ರೈಲು ಹತ್ತಿ ಸೋಗೇ ಹೋದೆ.

ಬೇಸರವಾಯಿತು. ವಾಸ್ತುಶಿಲ್ಪಿ ಲಿಯೋನ್ ಅಜೆಮಾ ಅದನ್ನು ಎತ್ತಿ ನಿಲ್ಲಿಸಿ ಎಷ್ಟೋ ದಶಕಗಳಾದವು. ದುರಸ್ತಿಯ ಖರ್ಚಿಗೆಂದು ತೋಟದ ಒಂದು ಭಾಗವನ್ನೇ ಮನೆ ಕಟ್ಟುವವರಿಗೆ ಮಾರಿದ್ದರು, ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗ. ಹುಲ್ಲು ಮಟ್ಟಸ. ಯೂ ಗಿಡಗಳನ್ನು ಶಂಕುವಿನ ಹಾಗೆ ಕತ್ತರಿಸಿ ಸಾಲಾಗಿ ನಿಲ್ಲಿಸಿದ್ದಾರೆ. ಮಕ್ಕಳು ಓಡುತ್ತಿದ್ದರು, ಒಬ್ಬಾಕೆ ವ್ಯಾಯಾಮ ಮಾಡುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಅಂದುಕೊಂಡೆ: ಇದನ್ನು ಹಾಗೇ ಬಿಡಬಾರದಿತ್ತೇ, ಎಷ್ಟು ಚೆಂದ ಇತ್ತು.

ಆ ವಾಕ್ಯ ನನ್ನ ಕಿವಿಗೆ ಹೊಸದಲ್ಲ ಗೆಳೆಯಾ. ನಿನ್ನ ವಿಷಯದಲ್ಲೂ ಒಮ್ಮೆ ಹಾಗೇ ಅಂದುಕೊಂಡಿದ್ದೆ.

ಆ ಎರಡು ವರ್ಷ ಯಾವುವು, ಏನಾಗಿತ್ತು ಅನ್ನುವುದು ಬೇರೆಯವರಿಗೆ ಬೇಡ. ಪ್ರತಿ ಭಾನುವಾರ ನಾನು ನಿನ್ನ ಮನೆಗೆ ಬರುತ್ತಿದ್ದೆ. ಜನ ಅದನ್ನು ಸ್ನೇಹ ಅಂದರು. ನೀನೂ ಅಂದೆ, ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡು ಅಂದೆ. ಆದರೆ ನನಗೆ ಅಲ್ಲಿ ಹಿತವಾಗುತ್ತಿತ್ತು. ಬಿಚ್ಚದೆ ಬಿದ್ದ ಪತ್ರಿಕೆಗಳ ರಾಶಿ, ನಾಲ್ಕೂ ಹತ್ತಕ್ಕೆ ನಿಂತ ಗಡಿಯಾರ, ಬಾಲ್ಕನಿಯಲ್ಲಿ ಒಣಗಿ ಕಡ್ಡಿಯಾದ ಗಿಡ, ಮಾತಿನ ನಡುವೆ ನೀನು ಬಿಟ್ಟುಬಿಡುತ್ತಿದ್ದ ಆ ಉದ್ದ ಮೌನ. ಅಲ್ಲಿಂದ ಹೊರಟಾಗ ನಾನು ಆಳವಾದ ಮನುಷ್ಯ ಅನ್ನಿಸುತ್ತಿತ್ತು. ನಿನಗೆ ಹೇಳದೆ ಒಂದು ಚಿತ್ರವನ್ನೂ ತೆಗೆದೆ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೀಯ, ಬೆನ್ನಷ್ಟೇ ಕಾಣುತ್ತದೆ, ಹೆಗಲ ಮೇಲೆ ಸಂಜೆಯ ಬೆಳಕು. ನಾನು ತೆಗೆದುದರಲ್ಲೆಲ್ಲ ಅದೇ ಚೆನ್ನಾಗಿರುವುದು. ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಆಮೇಲೆ ನೀನು ಎದ್ದೆ. ಗೋಡೆಗೆ ಬಣ್ಣ ಹೊಡೆಸಿದೆ, ಗಡಿಯಾರಕ್ಕೆ ಸೆಲ್ ಹಾಕಿದೆ, ಬೆಳಿಗ್ಗೆ ವಾಕಿಂಗ್ ಶುರು ಮಾಡಿದೆ. ಹೊಸ ಕೆಲಸದ ಕಥೆಗಳನ್ನು ನಗುತ್ತಾ ಹೇಳತೊಡಗಿದೆ. ನನ್ನ ಭಾನುವಾರಗಳು ತಿಂಗಳಿಗೆ ಒಂದಾದವು, ಆಮೇಲೆ ಹಬ್ಬಕ್ಕೊಂದು ಮೆಸೇಜ್ ಆದವು. ಕೆಲಸ ಜಾಸ್ತಿ ಅಂದೆ. ಕೆಲಸ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು.

ಬೆಂಚಿನ ಎದುರಿಗೇ ಇಬ್ಬರು ಮಾಲಿಗಳು ಕೆಲಸಕ್ಕೆ ಬಂದರು. ಒಬ್ಬ ದಾರ ಹಿಡಿದು ಎಳೆದ, ಇನ್ನೊಬ್ಬ ಏಣಿ ಹತ್ತಿ ಅದೇ ಗೆರೆಗೆ ಗಿಡ ಕತ್ತರಿಸಿದ. ಇಳಿದು, ದೂರ ಹೋಗಿ, ತಲೆ ಓರೆ ಮಾಡಿ ನೋಡಿ, ಮತ್ತೆ ಹತ್ತಿದ. ಒಂದೇ ಗಿಡಕ್ಕೆ ಅರ್ಧ ಗಂಟೆ. ಆಗ ಮ್ಯೂಸಿಯಂನ ಆ ಎರಡು ಬೂಟು ನೆನಪಾದವು. ನೀನು ಏಳಲು ಪಟ್ಟ ಪಾಡಿನ ಒಂದೇ ಒಂದು ಚಿತ್ರ ನನ್ನಲ್ಲಿಲ್ಲ. ಬಣ್ಣದ ಡಬ್ಬಿ ನಿನ್ನ ಜೊತೆ ಯಾರು ಹೊತ್ತರು, ಮೊದಲ ದಿನ ವಾಕಿಂಗ್‌ಗೆ ಎಷ್ಟು ದೂರ ಹೋಗಿ ತಿರುಗಿದೆ, ರಾತ್ರಿಗಳನ್ನು ಹೇಗೆ ಕಳೆದೆ, ಯಾವುದೂ ನನಗೆ ಗೊತ್ತಿಲ್ಲ. ನೀನು ಕದಲದೆ ಕೂತಿದ್ದಷ್ಟು ದಿನ ಮಾತ್ರ ನನಗೆ ಕಂಡೆ.

ಅಟ್ಜೆಯನ್ನು ನನ್ನ ಸಾಲಿಗೆ ಸೇರಿಸಲಾರೆ. ಸಂಜೆ ಮತ್ತೆ ಮ್ಯೂಸಿಯಂಗೆ ಹೋಗಿ ಆ ಸೋ ಚಿತ್ರಗಳನ್ನು ತಿಂಗಳ ಕ್ರಮದಲ್ಲಿ ನೋಡಿದೆ. ಮಾರ್ಚ್‌ನಲ್ಲಿ ಬರಿ ಕೊಂಬೆ, ಬರಬರುತ್ತಾ ಚಿಗುರು, ಕೊನೆಗೆ ಮೆಟ್ಟಿಲನ್ನೂ ಪ್ರತಿಮೆಯನ್ನೂ ಮುಚ್ಚುವಷ್ಟು ಹಸಿರು. ನಾನು ಪಾಳು ಅಂದದ್ದು ದೊರೆಯ ಲೆಕ್ಕದಲ್ಲಿ. ಹುಲ್ಲಿನ ಲೆಕ್ಕದಲ್ಲಿ ಅದು ಸುಗ್ಗಿ. ಆ ಮುದುಕ ವಸಂತವನ್ನು ಗಂಟೆ ಸಮೇತ ಬರೆದಿಡುತ್ತಿದ್ದ. ಅವನು ತೀರಿಕೊಂಡದ್ದು ಎರಡೇ ವರ್ಷದ ಮೇಲೆ, 1927ರಲ್ಲಿ. ಮೊದಲ ಸಲ ನಿಂತಾಗ ನಾನು ಮಾರ್ಚ್‌ನ ಚಿತ್ರಗಳ ಮುಂದಷ್ಟೇ ನಿಂತಿದ್ದೆ, ಉಳಿದವನ್ನು ದಾಟಿ ಹೋಗಿದ್ದೆ.

ಇಷ್ಟೆಲ್ಲ ಬರೆಯಲು ಕೂತವನಲ್ಲ. ನಿಜವಾಗಿ ನಿನಗೆ ಹೇಳಬೇಕೆಂದಿದ್ದದ್ದು ಸೋನ ಕಾಲುವೆಯ ಬಗ್ಗೆ. ಸುಮಾರು ಒಂದು ಕಿಲೋಮೀಟರ್ ನೀಳ, ಎರಡೂ ಬದಿ ಪಾಪ್ಲರ್ ಮರಗಳು. ಆಮೇಲೆ ಅಲ್ಲಿದ್ದ ಮೇನ್‌ನ ಡಚೆಸ್ ಬಗ್ಗೆ. ಆಕೆಗೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ 1714, 15ರಲ್ಲಿ ರಾತ್ರಿಯಿಡೀ ನಾಟಕ, ಸಂಗೀತ ಏರ್ಪಡಿಸಿ ಬಂದವರನ್ನೂ ಮಲಗಗೊಡುತ್ತಿರಲಿಲ್ಲವಂತೆ. ನಮ್ಮ ಮೂರನೇ ಮಹಡಿಯ ಮಹಾರಾಣಿಗೆ ಇದನ್ನು ಖಂಡಿತ ಹೇಳು, ಆದರೆ ಇಸ್ಪೀಟು ಎತ್ತಿಟ್ಟ ಮೇಲೆ ಹೇಳು.

ಆ ಕಿಟಕಿಯ ಚಿತ್ರ ತರುತ್ತೇನೆ. ನೋಡು, ಇಟ್ಟುಕೊಳ್ಳುವುದೋ ಅಳಿಸುವುದೋ ನಿನ್ನ ಇಷ್ಟ. ಬರುವ ಭಾನುವಾರ ಊರಲ್ಲಿರುತ್ತೇನೆ. ಹೊಸ ಗಿಡಗಳಿಗೆ ನೀರು ಹಾಕುವ ಹೊತ್ತಿಗೆ ಸರಿಯಾಗಿ ಬರುತ್ತೇನೆ, ಬಕೆಟ್ ನಾನು ಹಿಡಿಯುತ್ತೇನೆ. ಬೆಲ್ ಎರಡು ಸಲ ಹೊಡೆದರೆ ನಾನು. ಮೂರು ಸಲ ಹೊಡೆದರೆ ಆಡಿಟರ್, ಬಾಗಿಲು ತೆಗೆಯಬೇಡ.

ನಿನ್ನ
ಛತ್ರಿ