ಲ್ಯಾಟಿನ್ ಪ್ರಶ್ನೆಗೆ ಇಂಗ್ಲಿಷ್ ಅಳತೆಗೋಲು ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಪ್ರಕಟವಾದ ಲ್ಯಾಟಿನ್ ವ್ಯಾಕರಣದ ಪರಿಚಯ ಲೇಖನದಲ್ಲಿ, ಇಂಗ್ಲಿಷಿನಲ್ಲಿರುವಂತೆಯೇ ಲ್ಯಾಟಿನ್ನಿನಲ್ಲಿಯೂ ಕ್ರಿಯಾಪದವನ್ನು ವಾಕ್ಯದ ಮೊದಲಿಗೆ ತಂದರೆ ಪ್ರಶ್ನೆ ಸಿದ್ಧವಾಗುತ್ತದೆ ಎಂದು ಹೇಳಲಾಗಿದೆ. ಇದು ಸರಿಯಲ್ಲ. ಲ್ಯಾಟಿನ್ನಿನಲ್ಲಿ ಪ್ರಶ್ನೆಯನ್ನು ಮಾಡುವುದು ಪದದ ಸ್ಥಾನವಲ್ಲ, ಪದದ ಕೊನೆಗೆ ಅಂಟಿಕೊಳ್ಳುವ 'ನೆ' ಎಂಬ ಪ್ರತ್ಯಯ. 'ವೇನಿತ್' ಎಂದರೆ 'ಬಂದನು', 'ವೇನಿತ್‌ನೆ' ಎಂದರೆ 'ಬಂದನೇ'. ಯಾವ ಪದದ ಬಗ್ಗೆ ಸಂದೇಹವಿದೆಯೋ ಅದನ್ನು ಮುಂದಕ್ಕೆ ತಂದು ಅದಕ್ಕೆ 'ನೆ' ಹಚ್ಚುವುದು ವಾಡಿಕೆ. ಸಂದೇಹ ಬಹಳ ಸಲ ಕ್ರಿಯೆಯ ಬಗ್ಗೆಯೇ ಇರುವುದರಿಂದ ಕ್ರಿಯಾಪದ ಮೊದಲು ಬಂದು, ಇಂಗ್ಲಿಷಿನ ಅಭ್ಯಾಸವಿರುವ ಕಣ್ಣಿಗೆ ಅದೇ ನಿಯಮವೆಂಬಂತೆ ಕಾಣುತ್ತದೆ. 'ಮಾರ್ಕುಸ್‌ನೆ ವೇನಿತ್' ಎಂದಾಗ ಮಾತ್ರ ಆ ಭ್ರಮೆ ಹರಿಯುತ್ತದೆ. ಅದು 'ಬಂದದ್ದು ಮಾರ್ಕುಸನಾ?' ಎಂಬ ಪ್ರಶ್ನೆ.

ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ಇಂಗ್ಲಿಷನ್ನು ಹಾದು ಹೋಗಬೇಕಾದ ಅಗತ್ಯವೇ ಇಲ್ಲ. ಕನ್ನಡದ 'ಏ' ಮತ್ತು 'ಆ' ಪ್ರತ್ಯಯಗಳು ಮಾಡುವ ಕೆಲಸವನ್ನೇ ಲ್ಯಾಟಿನ್ನಿನ 'ನೆ' ಮಾಡುತ್ತದೆ. ಅಲ್ಲದೆ, ಕೇಳುವವನು 'ಹೌದು' ಎಂಬ ಉತ್ತರವನ್ನೇ ನಿರೀಕ್ಷಿಸಿದಾಗ ಬಳಸುವ 'ನೋನ್ನೆ' ಎಂಬ ಪದವನ್ನು ಬಿಡಿಸಿದರೆ 'ಅಲ್ಲ' ಎಂಬರ್ಥದ 'ನೋನ್' ಮತ್ತು ಇದೇ 'ನೆ' ಸಿಗುತ್ತವೆ. ನಮ್ಮ 'ಅಲ್ಲವೇ', 'ಬರಲಿಲ್ಲವೇ' ಎಂಬ ರೂಪಗಳ ಕಟ್ಟಡವೂ ಅದೇ. ತೀರ್ಥಹಳ್ಳಿ, ಸಾಗರದ ಕಡೆ ಮಾತಿಗೊಮ್ಮೆ 'ಅಲ್ದಾ?' ಎನ್ನುವ ಹುಡುಗನಿಗೆ 'ನೋನ್ನೆ'ಯನ್ನು ವಿವರಿಸಲು ಅರ್ಧ ನಿಮಿಷ ಸಾಕು. 'ಇಲ್ಲ' ಎಂಬ ಉತ್ತರವನ್ನು ನಿರೀಕ್ಷಿಸುವ 'ನುಮ್' ಇನ್ನೂ ಸ್ವಾರಸ್ಯಕರ. 'ನುಮ್ ವೆನಿಯೆತ್' ಎಂಬುದನ್ನು ಇಂಗ್ಲಿಷಿಗೆ ತರಬೇಕಾದರೆ ಬಾಲಂಗೋಚಿ ಹಚ್ಚಿ ಹೆಣಗಬೇಕು, ನಮಗೋ ಸಂಭಾವನಾರ್ಥಕ ಕ್ರಿಯಾಪದ ಸಿದ್ಧವಾಗಿಯೇ ಇದೆ: 'ಅವನು ಬಂದಾನೇ?' ಎಂದರೆ ಬರಲಾರನೆಂಬ ಧ್ವನಿ ಅದರಲ್ಲೇ ಅಡಗಿರುತ್ತದೆ.

ಎರಡರಲ್ಲಿ ಒಂದನ್ನು ಆರಿಸಲು ಕೇಳುವ 'ಉತ್ರುಮ್ ಮನೇಸ್ ಅನ್ ಅಬೀಸ್' ಎಂಬುದು ನಮ್ಮ 'ಇರುತ್ತೀಯೋ, ಹೋಗುತ್ತೀಯೋ?' ಉತ್ತರ ಕೊಡುವ ರೀತಿಯೂ ನಮಗೆ ಹತ್ತಿರದ್ದು. ಇಂಗ್ಲಿಷಿನ 'ಯೆಸ್'ಗೆ ಸರಿಸಮನಾದ ಒಂದೇ ನಿಶ್ಚಿತ ಪದ ಪ್ರಾಚೀನ ಲ್ಯಾಟಿನ್ನಿನಲ್ಲಿ ಇರಲಿಲ್ಲ. ಒಪ್ಪಲು 'ಇತ', 'ಸಾನೇ', ನಿರಾಕರಿಸಲು 'ಮಿನಿಮೇ' ಮುಂತಾದವು ಇದ್ದರೂ, ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿ ಹೇಳುವುದು ಸಾಮಾನ್ಯವಾಗಿತ್ತು. 'ಊಟ ಆಯ್ತಾ?' ಎಂದರೆ 'ಆಯ್ತು' ಎನ್ನುವ ಮಲೆನಾಡಿನವರಿಗೆ ಇದರಲ್ಲಿ ಹೊಸತೇನಿದೆ? ರೋಮನ್ನರ ಬರಹದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇರಲಿಲ್ಲ, ನಮ್ಮ ಓಲೆಗರಿಗಳಲ್ಲಿಯೂ ಇರಲಿಲ್ಲ. ಪ್ರಶ್ನೆಯನ್ನು ಗುರುತಿಸುವ ಹೊಣೆಯನ್ನು ಎರಡೂ ಕಡೆ ಪ್ರತ್ಯಯ, ಪ್ರಶ್ನವಾಚಕ ಪದ ಮತ್ತು ಓದುವ ಧ್ವನಿಯೇ ಹೊತ್ತಿದ್ದವು.

ಹಾಗೆಂದು ಎಲ್ಲವೂ ಕನ್ನಡದಂತೆಯೇ ಎಂದು ನಾನು ವಾದಿಸುವುದಿಲ್ಲ. ಪ್ರಶ್ನೆಯೊಂದು ಇನ್ನೊಂದು ವಾಕ್ಯದೊಳಗೆ ಸೇರಿಕೊಂಡಾಗ ದಾರಿ ಕವಲೊಡೆಯುತ್ತದೆ. 'ಎಲ್ಲಿದ್ದಾನೆ?' ಎಂಬುದನ್ನು ನಾವು 'ಎಲ್ಲಿದ್ದಾನೋ ಗೊತ್ತಿಲ್ಲ' ಎಂದು 'ಓ' ಸೇರಿಸಿ ಮುಗಿಸುತ್ತೇವೆ. ಲ್ಯಾಟಿನ್ನಿನಲ್ಲಿ ಕ್ರಿಯಾಪದದ ರೂಪವೇ ಬದಲಾಗಿ 'ಉಬಿ ಎಸ್ತ್' ಎಂಬುದು 'ನೆಸ್ಕಿಯೋ ಉಬಿ ಸಿತ್' ಆಗುತ್ತದೆ. ಸಬ್‌ಜಂಕ್ಟಿವ್ ಎನ್ನುವ ಈ ರೂಪ ಮುಖ್ಯ ಕ್ರಿಯಾಪದದ ಕಾಲವನ್ನು ಅನುಸರಿಸಿ ಮತ್ತೆ ಬದಲಾಗುವುದರಿಂದ, 'ಗೊತ್ತಿರಲಿಲ್ಲ' ಎನ್ನುವಾಗ 'ಸಿತ್' ಹೋಗಿ 'ಎಸ್ಸೆತ್' ಬರುತ್ತದೆ. ಇಲ್ಲಿ ವಿದ್ಯಾರ್ಥಿ ಬಾಯಿಪಾಠ ಮಾಡದೆ ವಿಧಿಯಿಲ್ಲ. ಇಂಥ ಕಡೆ 'ನುಮ್' ಕೂಡ ತನ್ನ ನಿರಾಕರಣೆಯ ಧ್ವನಿಯನ್ನು ಬಿಟ್ಟುಕೊಟ್ಟು, ಬರಿಯ 'ಬರುತ್ತಾನೋ ಏನೋ' ಎಂಬ ಸಂದೇಹವನ್ನಷ್ಟೇ ಸೂಚಿಸುತ್ತದೆ. ಲೇಖನದಲ್ಲಿ ಈ ಭಾಗದ ಪ್ರಸ್ತಾಪವೇ ಇಲ್ಲ.

ಲ್ಯಾಟಿನ್ ಇಲ್ಲಿ ಯಾರಿಗೆ ಬೇಕು ಎಂದು ಕೆಲವರು ಕೇಳಬಹುದು. ಹೊಸ ಸಸ್ಯದ ವಿವರಣೆ ಲ್ಯಾಟಿನ್ನಿನಲ್ಲೇ ಇರಬೇಕೆಂಬ ಕಡ್ಡಾಯ 2012ರಿಂದ ಇಲ್ಲವಾದರೂ ಹೆಸರುಗಳು ಇಂದಿಗೂ ಲ್ಯಾಟಿನ್ ರೂಪದಲ್ಲಿಯೇ ಇವೆ, ಹಳೆಯ ವಿವರಣೆಗಳೂ ಆ ಭಾಷೆಯಲ್ಲಿಯೇ ಉಳಿದಿವೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಅಧ್ಯಯನ ಮಾಡುವ ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಅಷ್ಟು ಕಾರಣ ಸಾಕು.

ಆದ್ದರಿಂದ ಮುಂದಿನ ಕಂತಿನಲ್ಲಿ ಕ್ರಿಯಾಪದದ ಸ್ಥಾನದ ಕುರಿತ ಹೇಳಿಕೆಯನ್ನು ತಿದ್ದಿ, 'ನೆ', 'ನೋನ್ನೆ', 'ನುಮ್' ಮೂರನ್ನೂ ಕನ್ನಡದ ಉದಾಹರಣೆಗಳೊಂದಿಗೆ ವಿವರಿಸುವಂತೆ ಲೇಖಕರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಭಾಷಾ ಶಿಕ್ಷಕ, ತೀರ್ಥಹಳ್ಳಿ